ನೂರಕ್ಕೆ ಜಗ್ಗುವ ಹಗ್ಗ

ಭೀಮೇಶನ ಎಡ ಮಣಿಕಟ್ಟಿನಲ್ಲಿದ್ದ ಕಡಗ ಒಮ್ಮೆ ಮೆಲ್ಲಗೆ ಬಿಗಿಯಿತು.

ಎದುರಿಗೆ ಕೂತಿದ್ದ ನಿವೃತ್ತ ಬಸ್ ಕಂಡಕ್ಟರ್ ಕರಿಯಪ್ಪ ತನ್ನ ಮಗಳ ವಿಚಾರ ಹೇಳುತ್ತಿದ್ದ. ಅವಳು ಇವನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. "ನಿಮಗೆ ಎಷ್ಟು ನೋವಾಗಿದೆ ಅಂತ ನನಗೆ ಅರ್ಥ ಆಗುತ್ತೆ" ಎಂದು ಭೀಮೇಶ ಅಂದದ್ದೇ ತಡ, ಕಡಗ ಬಿಗಿದಿತ್ತು. ಕರಿಯಪ್ಪನ ಮುಖ ಬದಲಾಗಿರಲಿಲ್ಲ, ಹೌದೆಂದು ತಲೆಯನ್ನೂ ಆಡಿಸಿದ್ದ. ಆದರೆ ಅವನ ಕತ್ತಿನ ಹಿಂಬದಿಗೆ ಅಂಟಿಸಿದ್ದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪಟ್ಟಿ ಬೇರೆಯೇ ಸುದ್ದಿ ಕಳಿಸಿತ್ತು: ಈ ಮನುಷ್ಯ ಈಗಷ್ಟೇ ಒಳಗೊಳಗೇ ಒಂದು ಹೆಜ್ಜೆ ಹಿಂದೆ ಸರಿದ. ಭೀಮೇಶ, ನನಗೆ ಅರ್ಥವಾಗಿಲ್ಲವೆಂದು ಕಾಣುತ್ತದೆ, ಇನ್ನೊಂದು ಸಲ ಹೇಳಿ ಎಂದು ಕೇಳಿಕೊಂಡ. ಕಡಗ ಸಡಿಲವಾಯಿತು. ಕಂಡಕ್ಟರ್ ಕುರ್ಚಿಯಲ್ಲಿ ಮುಂದಕ್ಕೆ ಜರುಗಿ, ಮಗಳ ಮದುವೆಯ ದಿನ ತಾನು ಬೇಕೆಂದೇ ಡ್ಯೂಟಿ ಹಾಕಿಸಿಕೊಂಡು ಹೋದದ್ದನ್ನು ಮೊದಲ ಬಾರಿಗೆ ಬಾಯಿಬಿಟ್ಟ.

ಕೋಣೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದ ಡಾ. ಇಂಚರಾಗೆ ಒಳಗೇ ಖುಷಿಯಾಯಿತು. ಆ ಕಡಗ ಅವಳದು. ಹದಿನೆಂಟು ವರ್ಷ ಮೈಸೂರಿನ ಪ್ರಯೋಗಾಲಯದಲ್ಲಿ ಕೂತು ಮಾಡಿದ್ದು. ಸರ್ಕಾರಿ ಕಡತದಲ್ಲಿ ಅದರ ಹೆಸರು 'ಸ್ಪಂದಕ', ಜನರ ಬಾಯಲ್ಲಿ ಬರೀ ಕಡಗ.

ಅದರ ಹಿಂದಿನ ವಿಚಾರ ಸರಳವಾದದ್ದು. ಮನಸ್ಸಿಗೆ ಚಿಕಿತ್ಸೆ ಕೊಡುವ ಪದ್ಧತಿಗಳು ನೂರಾರು ಇವೆ. ಯಾವ ಪದ್ಧತಿಯೇ ಇರಲಿ, ಎದುರಿಗೆ ಕೂತವರು ಈ ಗಳಿಗೆಗೆ ಎಲ್ಲಿದ್ದಾರೋ ಅಲ್ಲಿಗೆ ಹೋಗಿ ನಿಲ್ಲಬಲ್ಲ ಸಮಾಲೋಚಕನಿಂದ ಮಾತ್ರ ಗುಣವಾಗುತ್ತದೆ. ಒಬ್ಬರಿಗೆ ಮಾತು ಬೇಕು, ಇನ್ನೊಬ್ಬರಿಗೆ ಮೌನ. ಬೆಳಿಗ್ಗೆ ಬೇಕಾದದ್ದು ಸಂಜೆಗೆ ಬೇಡವಾಗುತ್ತದೆ. ಆದರೆ ಇದು ಬೇಡ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಹೂಂ ಅನ್ನುತ್ತಾರೆ, ಕೈಮುಗಿದು ಎದ್ದು ಹೋಗುತ್ತಾರೆ, ಮುಂದಿನ ವಾರ ಬರುವುದಿಲ್ಲ. ಹಾಗಾಗಿ ಇಂಚರಾ ಬಾಯನ್ನು ಬಿಟ್ಟು ಮೈಯನ್ನು ಕೇಳಲು ಹೊರಟಳು. ಎದೆಯ ಬಡಿತ ಗಡಿಯಾರದ ಹಾಗೆ ಸಮನಾಗಿರುವುದಿಲ್ಲ. ನೆಮ್ಮದಿಯಲ್ಲಿದ್ದಾಗ ಬಡಿತ ಬಡಿತದ ನಡುವಿನ ಬಿಡುವು ಸಣ್ಣಗೆ ಹಿಗ್ಗಿ ಕುಗ್ಗಿ ಆಡುತ್ತದೆ, ಬೆದರಿದಾಗ ಬಿಗಿದುಕೊಳ್ಳುತ್ತದೆ. ಚರ್ಮದ ಬೆವರು, ಹೇಳಬೇಕೆಂದು ಹೇಳದೆ ನುಂಗಿದ ಮಾತಿಗೆ ಗಂಟಲ ಸ್ನಾಯು ಮಿಡುಕುವುದು, ಇವನ್ನೆಲ್ಲ ಪಟ್ಟಿ ಓದುತ್ತದೆ. ಎದುರಿನವರು ಮುದುಡಿದರೆ ಸಮಾಲೋಚಕನ ಕಡಗ ಬಿಗಿಯುತ್ತದೆ, ಅರಳಿದರೆ ಸಡಿಲವಾಗುತ್ತದೆ. ಅಷ್ಟೇ.

ಅಷ್ಟರಿಂದಲೇ ಬಹಳ ಆಗಿತ್ತು. 2056ರ ಹೊತ್ತಿಗೆ ರಾಜ್ಯದ ನಲವತ್ತು ತಾಲ್ಲೂಕುಗಳ ಮನೋಕೇಂದ್ರಗಳಿಗೆ ಕಡಗ ಬಂದಿತ್ತು. ಮೊದಲೆಲ್ಲ ಹತ್ತರಲ್ಲಿ ನಾಲ್ಕು ಜನ ನಡುವೆ ಬಿಟ್ಟು ಹೋಗುತ್ತಿದ್ದರು, ಈಗ ಒಬ್ಬರು. ಇನ್ನು ಎರಡು ವಾರಕ್ಕೆ ಅದನ್ನು ಎಲ್ಲ ತಾಲ್ಲೂಕಿಗೂ ಕೊಡುವ ಆದೇಶಕ್ಕೆ ಇಂಚರಾ ಸಹಿ ಹಾಕಬೇಕಿತ್ತು.

ಅವಳು ಚಿತ್ರದುರ್ಗದ ಕಡೆಯ ಈ ಸಣ್ಣ ಊರಿಗೆ ಬಂದದ್ದು ಕರಿಯಪ್ಪನಿಗಾಗಿ ಅಲ್ಲ. ಅವನ ನಂತರ ಬರಬೇಕಿದ್ದ ಹೆಂಗಸಿಗಾಗಿ. ಪಟ್ಟಿ ಓದಿದ್ದೆಲ್ಲ ದಾಖಲೆಯಲ್ಲಿ ಏರಿಳಿಯುವ ಗೆರೆಯಾಗುತ್ತದೆ, ಇಲ್ಲಿಂದ ಬಂದ ದಾಖಲೆಗಳಲ್ಲಿ ಒಬ್ಬರ ಗೆರೆ ಅವಳ ಕಣ್ಣು ಸೆಳೆದಿತ್ತು. ಐದು ವಾರ, ಐದು ಬೈಠಕ್, ಒಮ್ಮೆಯೂ ಕಡಗ ಬಿಗಿದಿರಲಿಲ್ಲ. ಗಾಳಿಯಿಲ್ಲದ ಕೆರೆಯ ನೀರಿನ ಹಾಗೆ ಸಪಾಟಾದ ಗೆರೆ. ಮೊದಲಿಂದ ಕೊನೆಯವರೆಗೆ ಇಷ್ಟು ಚೊಕ್ಕಟವಾದ ಸ್ಪಂದನ ಮೂರು ವರ್ಷದಲ್ಲಿ ಎಲ್ಲೂ ದಾಖಲಾಗಿರಲಿಲ್ಲ. ಈ ಹುಡುಗ ಭೀಮೇಶ ಏನು ಮಾಡುತ್ತಿದ್ದಾನೆ, ಅದನ್ನು ಬೇರೆಯವರಿಗೆ ಕಲಿಸಬಹುದೆ? ಆ ಕುತೂಹಲವೇ ಅವಳನ್ನು ರೈಲು ಹತ್ತಿಸಿತ್ತು.

ಆ ಗೆರೆಯ ಹೆಂಗಸು ದುರುಗಮ್ಮ. ವಯಸ್ಸು ಐವತ್ತಾರು. ಈಗ ಒಳಚರಂಡಿಗೆ ಮನುಷ್ಯ ಇಳಿಯುವುದಿಲ್ಲ, ಎಂಟು ಕಾಲಿನ ಯಂತ್ರ ಇಳಿಯುತ್ತದೆ. ಜನ ಅದನ್ನು ಏಡಿ ಅನ್ನುತ್ತಾರೆ. ಮ್ಯಾನ್‌ಹೋಲಿನ ಬಾಯಲ್ಲಿ ಕೂತು, ಕೇಬಲ್ ಬಿಟ್ಟು, ಏಡಿಯನ್ನು ನಡೆಸುವುದು ದುರುಗಮ್ಮನ ಕೆಲಸ. ಹನ್ನೊಂದು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ನಡೆಸಿದ್ದಳು. ಕಳೆದ ವರ್ಷ ಹೊಸ ಏಡಿ ಬಂತು. ಆಮೇಲೆ ಶುರುವಾಯಿತು. ಏಡಿ ಒಳಗೆ ಕೆಲಸ ಮಾಡುತ್ತಿರುವಾಗಲೇ ಅವಳ ಬಲಗೈ ಮುಷ್ಟಿ ಕಟ್ಟುತ್ತಿತ್ತು, ಬಿಚ್ಚುತ್ತಿರಲಿಲ್ಲ. ಎಡಗೈಯಲ್ಲಿ ಕೆಂಪು ಗುಂಡಿ ಒತ್ತಿ ಏಡಿಯನ್ನು ಮೇಲಕ್ಕೆ ಎಳೆದುಬಿಡುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ. ಒಂದು ಬೀದಿ ಮುಗಿಯಲು ಮೂರು ದಿನ. ವಾರ್ಡ್ ಕಚೇರಿಯವರು ಅವಳನ್ನು ಆರು ಬೈಠಕ್‌ಗೆ ಬರೆದು ಕಳಿಸಿದರು. ಆರರ ಕೊನೆಗೆ ವಾಸಿಯಾಗಿದೆ ಎಂಬ ಕಾಗದ ಹಿಡಿದು ಸೋಮವಾರ ಏಡಿಯ ಹತ್ತಿರ ಹೋಗಬೇಕು. ಅಲ್ಲಿ ಮತ್ತೆ ಕೈ ಬಿಗಿದರೆ ಕೆಲಸದಿಂದ ತೆಗೆಯುತ್ತಾರೆ. ಇವತ್ತು ಆರನೆಯದು.

ದುರುಗಮ್ಮ ಒಳಗೆ ಬಂದು ಮೂಲೆಯ ಕುರ್ಚಿಯ ಕಡೆ ನೋಡಿದಳು. ಭೀಮೇಶನ ತಾಯಿಯ ತವರಿನ ಕಡೆಯಿಂದ ಲೆಕ್ಕ ಹಾಕಿ ಮೊದಲ ವಾರವೇ ಅವನು ಇವಳನ್ನು ಅತ್ತೆ ಅಂದಿದ್ದ, ಇವಳು ಅವನನ್ನು ಅಳಿಯ ಅಂದಿದ್ದಳು.

"ಯಾರ್, ಅಳಿಯ, ಈ ಮೇಡಮ್ಮೋರು? ಗಂಡು ನೋಡಕ್ಕೆ ಬಂದವ್ರ?"

ಕಡಗ ಮಾಡಿದವರು ಇವರೇ, ನೀವು ಒಪ್ಪಿದರೆ ಕೂತು ಕೇಳುತ್ತಾರೆ, ಬೇಡ ಅಂದರೆ ಹೊರಗೆ ಹೋಗುತ್ತಾರೆ ಎಂದು ಭೀಮೇಶ ಹೇಳಿದ.

"ಕುಂತ್ಕಳ್ಳಿ ಬಿಡಿ. ಬಾವಿಗೆ ಇಣುಕೋರು ಒಬ್ರು ಹೆಚ್ಚಾದ್ರೆ ನೀರೇನ್ ಕಮ್ಮಿ ಆಗಲ್ಲ."

ಪಟ್ಟಿ ಅಂಟಿಸಿದ್ದಾಯಿತು. ಇಂಚರಾ ತನ್ನ ತೊಡೆಯ ಮೇಲಿನ, ಗೆರೆ ಮೂಡುವ ಫಲಕ ನೋಡಿದಳು. ಗೆರೆ ಬಂತು, ಸಪಾಟಾಗಿ.

ಭೀಮೇಶ ಒಳ್ಳೆಯ ಹುಡುಗ. ಅವಸರವಿಲ್ಲ, ಉಪದೇಶವಿಲ್ಲ. ಮೊದಲ ವಾರ ದುರುಗಮ್ಮ ಹೇಳಿದ್ದನ್ನು ಅವನು ಎಚ್ಚರದಿಂದ ಹಿಡಿದುಕೊಂಡು ಬಂದಿದ್ದ. ಮೂವತ್ತು ವರ್ಷದ ಹಿಂದೆ ಹೆದ್ದಾರಿಯ ಆಚೆಯ ಊರೊಂದರಲ್ಲಿ ಅವಳ ಗಂಡ ಮಾರೇಶ ಮ್ಯಾನ್‌ಹೋಲಿಗೆ ಇಳಿದವನು ಸತ್ತಿದ್ದ. ಹಾಗೆ ಮನುಷ್ಯರನ್ನು ಇಳಿಸಬಾರದು ಎಂಬ ಕಾನೂನು ಬಂದು ಆಗಲೇ ವರ್ಷಗಳು ಕಳೆದಿದ್ದವು. ಕಾನೂನು ಕಚೇರಿಯ ಕಪಾಟಿನಲ್ಲಿತ್ತು, ಮಾರೇಶ ಗುಂಡಿಯಲ್ಲಿದ್ದ. ಅವನ ಸೊಂಟದ ಹಗ್ಗದ ಇನ್ನೊಂದು ತುದಿ ಹಿಡಿದು ಮೇಲೆ ಕೂತವಳು ದುರುಗಮ್ಮ. ಅದು ನಿನ್ನ ತಪ್ಪಲ್ಲ ಎಂಬುದನ್ನು ಭೀಮೇಶ ಐದು ವಾರ ಐದು ಬಗೆಯಲ್ಲಿ ಅವಳ ಮುಂದಿಟ್ಟಿದ್ದ. ಅವಳು ಪ್ರತಿಸಲ ಹೂಂ ಕಣಪ್ಪ ಅಂದಿದ್ದಳು. ಉಸಿರನ್ನು ಎಳೆದು ಬಿಡುವುದನ್ನು ಹೇಳಿಕೊಟ್ಟಾಗ ಎಳೆದು ಬಿಟ್ಟಿದ್ದಳು. ಕಡಗ ತೆಪ್ಪಗಿತ್ತು.

ಇವತ್ತೂ ಅವನು ಅದನ್ನೇ ಜೋಪಾನವಾಗಿ ಕಟ್ಟಿ ಕೊಡುತ್ತಿದ್ದ. ಕೈ ಹೇಗಿದೆ ಎಂದು ಕೇಳಿದ. ವಾಸಿ ಅಂದಳು. ಸೋಮವಾರ ಹೋಗಬಹುದು ಅನ್ನಿಸುತ್ತದೆಯೆ ಎಂದ. ಹೋಗಬೇಕಲ್ಲಪ್ಪ ಅಂದಳು.

ಇಂಚರಾಗೆ ಅವಳ ಬಲಗೈ ಕಾಣುತ್ತಿತ್ತು. ಸೆರಗಿನ ಮರೆಯಲ್ಲಿ, ತೊಡೆಯ ಮೇಲೆ. ಅದು ಮುಷ್ಟಿ ಕಟ್ಟಿತ್ತು. ಗೆಣ್ಣುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ. ಇಂಚರಾ ಫಲಕ ನೋಡಿದಳು, ಮುಷ್ಟಿ ನೋಡಿದಳು, ಮತ್ತೆ ಫಲಕ ನೋಡಿದಳು. ಗೆರೆ ಮಲಗಿತ್ತು. ಒಂದು ಮೈಯಲ್ಲಿ ಈ ಎರಡೂ ಹೇಗೆ ಇರುತ್ತವೆ? ಪಟ್ಟಿ ಸರಿಯಾಗಿ ಅಂಟಿಲ್ಲವೆ? ಅಂಟಿತ್ತು. ನೋಡಲು ಬಂದವರು ಮಾತಾಡಬಾರದೆಂಬ ನಿಯಮವನ್ನು ಬರೆದವಳು ಅವಳೇ. ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ಹಿಡಿದಳು.

ಮಾತಾಡಿದವಳು ದುರುಗಮ್ಮ. ಕಾಗದಕ್ಕೆ ಸಹಿ ಹಾಕಲು ಭೀಮೇಶ ಕೈ ಚಾಚಿದಾಗ ಕಡಗ ಅವಳ ಕಣ್ಣಿಗೆ ಬಿತ್ತು.

"ಮೊದಲ್ನೇ ವಾರದಿಂದ ಕೇಳ್ಬೇಕು ಅನ್ಕಂಡಿದ್ದೆ. ಇದು ನಿಂಗೆ ಏನ್ ಹೇಳ್ತೈತೆ ಅಳಿಯ?"

ನಾನು ಆಡಿದ ಮಾತು ನಿಮಗೆ ಒಗ್ಗದಿದ್ದರೆ ಇದು ನನ್ನ ಕೈ ಹಿಡಿಯುತ್ತದೆ ಎಂದು ಭೀಮೇಶ ವಿವರಿಸಿದ.

"ನನ್ ವಿಚಾರಕ್ಕೆ ಎಷ್ಟ್ ಸಲ ಹಿಡಿದೈತೆ?"

"ಒಂದ್ಸಲನೂ ಇಲ್ಲ ಅತ್ತೆ." ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

"ಹಂಗಂದ್ರೆ?"

"ಅದು ಸುಮ್ನೈತೆ ಅಂದ್ರೆ ಎಲ್ಲ ಸರಿಯಾಗೈತೆ ಅಂತ. ನೀವು ಆರಾಮಾಗಿದೀರ ಅಂತ."

ದುರುಗಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ತುಟಿ ಬಿಚ್ಚದೆ ನಕ್ಕಳು.

"ಅವ್ನೂ ಹಿಂಗೇ ಅಂದ."

"ಯಾರು?"

"ಮೇಸ್ತ್ರಿ. ಹಗ್ಗ ಸುಮ್ನೈತೆ ಅಂದ್ರೆ ಕೆಲ್ಸ ನಡೀತೈತೆ ಅಂತ. ಎಲ್ಲ ಸರಿಯಾಗೈತೆ ಅಂತ."

ಕಡಗ ಬಿಗಿಯಿತು. ಮೆಲ್ಲಗೆ ಅಲ್ಲ, ಭೀಮೇಶ ಕೈ ಎಳೆದುಕೊಳ್ಳುವಷ್ಟು ಬಿಗಿಯಿತು. ಇಂಚರಾಳ ತೊಡೆಯ ಮೇಲೆ ಗೆರೆ ಎದ್ದು ನಿಂತಿತು.

ಆರು ವಾರದಲ್ಲಿ ಯಾರೂ ಕೇಳದ ಹಗ್ಗದ ವಿಚಾರವನ್ನು ದುರುಗಮ್ಮ ಆಗ ಹೇಳಿದಳು. ಅವಳ ಅತ್ತೆ, ಮಾರೇಶನ ತಾಯಿ, ಕಲಿಸಿದ್ದು. ಒಳಗೆ ಇಳಿದವನು ಆಗಾಗ ಹಗ್ಗವನ್ನು ಸಣ್ಣಗೆ ಜಗ್ಗುತ್ತಿರಬೇಕು. ಏನೂ ಆಗದಿದ್ದರೂ ಜಗ್ಗಬೇಕು. ಇದ್ದೀನಿ ಅಂತ ಅದರ ಅರ್ಥ. ಮೇಲೆ ಕೂತವಳು ಒಂದು ಜಗ್ಗಿನಿಂದ ಇನ್ನೊಂದು ಜಗ್ಗಿನವರೆಗೆ ಮನಸ್ಸಿನಲ್ಲೇ ಎಣಿಸುತ್ತಿರಬೇಕು. ಎಣಿಕೆ ನೂರು ಮುಟ್ಟಿದರೆ ಯಾರನ್ನೂ ಕೇಳಬಾರದು, ಎಳೆಯಬೇಕು. ಒಳಗಿನ ಗಾಳಿ ಕೂಗಲು ಬಿಡುವುದಿಲ್ಲ, ಒದ್ದಾಡಲೂ ಬಿಡುವುದಿಲ್ಲ. ಮನುಷ್ಯ ನಿದ್ದೆಗೆ ಜಾರಿದ ಹಾಗೆ ಸಾಯುತ್ತಾನೆ.

"ಒದ್ದಾಡೋ ಹಗ್ಗಕ್ಕೆ ಹೆದರಬ್ಯಾಡ ಅನ್ನೋಳು ನಮ್ಮತ್ತೆ. ಮಲಗಿರೋ ಹಗ್ಗಕ್ಕೆ ಹೆದ್ರು ಅನ್ನೋಳು."

ಇಂಚರಾ ಫಲಕವನ್ನು ಮಗುಚಿಟ್ಟಳು.

ಕಡಗ ಬಿಗಿದಾಗ ಏನು ಮಾಡಬೇಕೆಂಬುದು ಭೀಮೇಶನಿಗೆ ಕಲಿಸಿದ ಮೊದಲ ಪಾಠ. ಹಿಂದೆ ಸರಿ. ಮಾತು ಬದಲಿಸು. ನೀರು ಕೊಡು. ಅವನ ಕೈ ನೀರಿನ ಲೋಟದ ಕಡೆ ಹೋಗಿಯೇ ಹೋಯಿತು. ನಿನ್ನ ತಪ್ಪಲ್ಲ ಎಂಬ ಮಾತು ನಾಲಗೆಯ ಮೇಲೆ ಬಂದು ಕೂತಿತ್ತು. ಮೂವತ್ತು ವರ್ಷದಿಂದ ಪೊಲೀಸರು, ಡಾಕ್ಟರು, ಪರಿಹಾರದ ಚೆಕ್ ತಂದ ಅಧಿಕಾರಿ, ಎಲ್ಲರೂ ಅವಳಿಗೆ ಅದನ್ನೇ ಹೇಳಿದ್ದರು. ಹೇಳಿದವರಲ್ಲಿ ಅರ್ಧ ಜನಕ್ಕೆ ಅದು ತಮ್ಮ ಮುಖ ಒರೆಸಿಕೊಳ್ಳುವ ಕರವಸ್ತ್ರವಾಗಿತ್ತು. ಯಾರ ತಪ್ಪೂ ಅಲ್ಲವೆಂದಾದರೆ ನಡೆಯಿರಿ ಮನೆಗೆ.

ಭೀಮೇಶ ಲೋಟ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ.

"ಅವತ್ತು ಎಣಿಕೆ ಎಷ್ಟಕ್ಕೆ ಹೋಗಿತ್ತು ಅತ್ತೆ?"

"ಇನ್ನೂರ ನಲವತ್ತು."

ಯೋಚಿಸಲೇ ಇಲ್ಲ. ಹೆಸರು ಕೇಳಿದರೆ ಹೇಳುವಷ್ಟು ಸಲೀಸಾಗಿ ಹೇಳಿದಳು. ಮೂವತ್ತು ವರ್ಷ ಆ ಸಂಖ್ಯೆ ಅವಳ ಮುಷ್ಟಿಯಲ್ಲಿತ್ತು. ನೂರಕ್ಕೆ ಎಳೆಯಬೇಕಿತ್ತು, ಇನ್ನೂರ ನಲವತ್ತಕ್ಕೆ ಎಳೆದಳು. ನಡುವಿನ ನೂರ ನಲವತ್ತು ತನ್ನದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದೆ ಎಂಬುದು ಯಾರ ಸಮಾಧಾನದ ಮಾತಿಗೂ ಸಿಗದೆ ಒಳಗೆ ಕೂತಿತ್ತು. ಹಳೆಯ ಏಡಿಯ ಕೇಬಲ್ ಸದಾ ನಡುಗುತ್ತಿತ್ತಂತೆ, ಅದನ್ನು ಹಿಡಿದರೆ ಜೀವ ಇರುವುದು ತಿಳಿಯುತ್ತಿತ್ತಂತೆ. ಹೊಸ ಏಡಿಯದು ಸದ್ದಿಲ್ಲದ ಮೋಟಾರು. ಕೇಬಲ್ ಹೆಣದ ಹಾಗೆ ಮಲಗಿರುತ್ತದೆ. ಅವಳ ಕೈ ನೂರು ಎಣಿಸಿ ಎಳೆದುಬಿಡುತ್ತಿತ್ತು.

ಭೀಮೇಶನ ಬಲಗೈ ಕಡಗದ ಕೊಂಡಿಯ ಮೇಲೆ ಹೋಯಿತು. ನೋಯುತ್ತಿರಬೇಕು.

"ಬಿಚ್ಚಬ್ಯಾಡ" ಅಂದಳು ದುರುಗಮ್ಮ. "ಸ್ವಲ್ಪ ಹಿಡ್ಕಂಡಿರ್ಲಿ."

ಅವನು ಕೈಬಿಟ್ಟ. ಆಮೇಲೆ ತೀರಾ ಸಣ್ಣ ಪ್ರಶ್ನೆ ಕೇಳಿದ. ನೂರು ಆದಾಗ ಏನು ಮಾಡಿದಿರಿ?

'ಕಾದೆ' ಅನ್ನಲು ಅವಳು ಬಾಯಿ ತೆರೆದದ್ದು ಇಂಚರಾಗೆ ಕಂಡಿತು. ಹುಬ್ಬು ಗಂಟಿಕ್ಕಿತು. ಎಷ್ಟೋ ವರ್ಷದಿಂದ ಕಣ್ಣೆತ್ತಿ ನೋಡದ ಮನೆಯ ಅಟ್ಟದ ಮೇಲೆ ಏನೋ ಇದೆಯಲ್ಲ ಎಂದು ಹುಡುಕುವವರ ಮುಖ.

"ಸಾರ್, ಹಗ್ಗ ಮಲಗೈತೆ ಅಂದೆ." ತಾನೇ ಕೇಳಿಸಿಕೊಂಡಳು. "ಹೂಂ. ಅಂದೆ. ಈಗ್ತಾನೆ ಇಳಿದವ್ನೆ ಸುಮ್ನಿರು ಅಂದ. ನೂರೈವತ್ತಕ್ಕೆ ಎಳೀತೀನಿ ಸಾರ್ ಅಂದೆ. ಕೆಲ್ಸ ಕೆಡಿಸಬ್ಯಾಡ ಅಂದ."

"ಆಮೇಲೆ?"

"ಇನ್ನೂರಕ್ಕೆ ಎದ್ದು ಹೋಗಿ ಅವನ ಗಡಿಯಾರ ಕಟ್ಟಿದ್ದ ಕೈ ಹಿಡಿದು ಎಳೆದೆ. ಎಷ್ಟಾಯ್ತು ನೋಡು ಅಂತ. ಮುಟ್ತೀಯ ಅಂತ ಕೈ ಕೊಡವಿದ." ಅವಳ ದನಿ ಏರಲಿಲ್ಲ, ಇಳಿಯಿತು. "ನಲ್ಲಿ ಕಡೆ ಹೋದ. ಕೈ ತೊಳಿಯಕ್ಕೆ. ಅವ್ನು ಬೆನ್ನು ಹಾಕಿದ್ನಲ್ಲ, ಆಗ ಎಳೆದೆ. ಅವ್ನ್ ಹೇಳ್ಲಿಲ್ಲ ಅಳಿಯ. ನಾನೇ ಎಳೆದೆ."

ಭೀಮೇಶ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

"ನಾನು ಜಗ್ಗಿದೀನಿ" ಅಂದಳು ದುರುಗಮ್ಮ. "ಮೂರು ಸಲ ಜಗ್ಗಿದೀನಿ. ಮೇಲಿರೋನು ಎಳೀಲಿಲ್ಲ."

ಅವಳ ಬಲಗೈ ಮೇಜಿನ ಮೇಲೆ ಬಂತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಆ ಅಂಗೈಯಿಂದ ಅವಳು ಮೇಜಿಗೆ ಒಂದು ಏಟು ಹಾಕಿದಳು. ಲೋಟ ಉರುಳಿ ನೀರು ವಾಸಿಯಾಗಿದೆ ಎಂಬ ಕಾಗದದ ಮೇಲೆ ಹರಿಯಿತು. ಯಾರೂ ಒರೆಸಲಿಲ್ಲ. ಆಮೇಲೆ ಬಂದ ಅಳು ಸಿಟ್ಟಿನ ಅಳು. ಅದರ ತುಂಬ ಆ ಮೇಸ್ತ್ರಿಯ ಹೆಸರು, ಅವನ ವಂಶದ ಹೆಸರು, ಇಲ್ಲಿ ಬರೆಯಲಾಗದ ಇನ್ನಷ್ಟು ಮಾತು. ಅರ್ಧ ಗಂಟೆ ಕಡಗ ಸಡಿಲವಾಗಲಿಲ್ಲ. ಕೊನೆಗೆ ಬಿಚ್ಚಿದಾಗ ಭೀಮೇಶನ ಕೈಮೇಲೆ ಕೆಂಪು ಬಳೆಯಂಥ ಗುರುತು ಎದ್ದಿತ್ತು. ದುರುಗಮ್ಮ ಅದನ್ನು ನೋಡಿ, ಮೂಗು ಒರೆಸಿಕೊಂಡು, "ನಿಂಗೊಂದು ಹೆಣ್ಣು ನೋಡ್ಬೇಕು ಕಣೊ. ಈ ಕೈ ಹಿಡ್ಕಳೋರು ಬೇಕು" ಅಂದಳು.

ಇಂಚರಾ ಫಲಕ ಎತ್ತಿಕೊಂಡಾಗ ಯಂತ್ರ ತನ್ನ ತೀರ್ಪು ಬರೆದಾಗಿತ್ತು. ಸ್ಪಂದನ ಕಡಿದಿದೆ, ಬೈಠಕ್ ವಿಫಲ. ಈ ಕೇಂದ್ರದಲ್ಲಿ ಇದುವರೆಗಿನ ಅತಿ ಕೆಟ್ಟ ಅಂಕ.

ಪಟ್ಟಿಯನ್ನು ಕತ್ತಿನಿಂದ ಕಿತ್ತು ಇಂಚರಾಳ ಕೈಗೆ ಕೊಡುತ್ತ ದುರುಗಮ್ಮ ಒಂದು ಮಾತು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ಏಡಿ ಕೆಟ್ಟಾಗ ಮೆಕ್ಯಾನಿಕ್‌ನನ್ನು ಕೇಳುವ ಹಾಗೆ ಕೇಳಿದಳು.

"ಆರಾಮು ಅಂದ್ರೆ ಹಿಂಗಿರ್ತದೆ ಅಂತ ಇದಕ್ಕೆ ಯಾರ ಮೈ ನೋಡಿ ಕಲಿಸಿದ್ರಿ ಮೇಡಂ?"

ವಾಪಸ್ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಇಂಚರಾ ಹಳೆಯ ದಾಖಲೆ ತೆರೆದಳು. ಯಂತ್ರಕ್ಕೆ ಪಾಠ ಹೇಳಿದ ಮೈಗಳು ನಾನೂರ ಹನ್ನೆರಡು. ಸಂಸ್ಥೆಯ ವಿದ್ಯಾರ್ಥಿಗಳು, ಅಧ್ಯಾಪಕರು, ಅವರ ಮನೆಯವರು, ಹತ್ತಿರದ ಬಡಾವಣೆಯಿಂದ ಸ್ವಂತ ಇಚ್ಛೆಯಿಂದ ಬಂದವರು. ಬೇಡವೆನಿಸಿದಾಗ ಮುಖ ಸಿಂಡರಿಸಿದರೆ ಏನೂ ಕಳೆದುಕೊಳ್ಳದವರು. ಅವರ ಸಿಟ್ಟು ಚರ್ಮದ ಮೇಲೇ ಇತ್ತು. ಅವರು ಸುಮ್ಮನಿದ್ದರೆ ನಿಜಕ್ಕೂ ನೆಮ್ಮದಿಯಾಗಿಯೇ ಇರುತ್ತಿದ್ದರು.

ಹೆದರಿದ ಜೀವ ಓಡುತ್ತದೆ, ಇಲ್ಲವೆ ತಿರುಗಿ ಬೀಳುತ್ತದೆ. ಎರಡಕ್ಕೂ ದಾರಿಯಿಲ್ಲದಾಗ ಮೂರನೆಯದೊಂದಿದೆ. ಕಡ್ಡಿಯಿಂದ ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುವ ಹುಳುವನ್ನು ಎಲ್ಲರೂ ನೋಡಿದ್ದೇವೆ. ಆಗ ಎದೆ ಬಡಿತ ನಿಧಾನವಾಗುತ್ತದೆ, ಬೆವರು ನಿಲ್ಲುತ್ತದೆ, ಗಂಟಲು ಮಾತನ್ನು ನುಂಗುವುದನ್ನೂ ಮರೆಯುತ್ತದೆ. ಒಂದೆರಡು ಸಲವಲ್ಲ, ಹುಟ್ಟಿದಂದಿನಿಂದ, ಅಜ್ಜಿ ಮುತ್ತಜ್ಜಿಯರ ಕಾಲದಿಂದ ಹೂಂ ಸಾರ್ ಅಂದೇ ಬದುಕಿದ ಮೈಗೆ ಇದು ಕಸುಬಿನಷ್ಟು ಸಲೀಸು. ಪುಸ್ತಕದಲ್ಲಿ ಇಂಚರಾ ಇದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದಳು. ಆದರೆ ಅವಳ ಪಟ್ಟಿ ಆ ಸತ್ತ ನೆಮ್ಮದಿಯನ್ನೇ ನೆಮ್ಮದಿ ಎಂದು ಓದುತ್ತಿತ್ತು. ಓದಿ, ಕಾಗದ ಕೊಟ್ಟು, ಮನೆಗೆ ಕಳಿಸುತ್ತಿತ್ತು.

ಹಾಗಾದರೆ ಬೇರೆ ಯಾರು ಯಾರ ಗೆರೆ ಮಲಗಿತ್ತು? ರೈಲು ಅರಸೀಕೆರೆ ದಾಟುವಾಗ ಈ ಪ್ರಶ್ನೆ ಬಂತು. ಮಾರನೆಯ ದಿನ ಅವಳು ಮುಗಿದ ಕಡತಗಳನ್ನೆಲ್ಲ ಯಂತ್ರದಿಂದ ಮತ್ತೆ ಓದಿಸಿದಳು. ಗುಣವಾಗಿದೆ ಎಂದು ಮುಚ್ಚಿದ ಎರಡು ಲಕ್ಷ ಕಡತಗಳಲ್ಲಿ ಅರವತ್ತೊಂದು ಸಾವಿರದಲ್ಲಿ, ಉದ್ದಕ್ಕೂ ಅಲ್ಲದಿದ್ದರೂ ಒಂದೆರಡು ಬೈಠಕ್‌ಗಳಲ್ಲಿ, ಅದೇ ಸಪಾಟು ಗೆರೆ ಇತ್ತು. ಅವರ ಊರು, ಓಣಿ, ಕೆಲಸಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿದಳು. ಗಾರ್ಮೆಂಟ್ಸ್ ಲೈನುಗಳು. ವಿದ್ಯಾರ್ಥಿನಿಲಯಗಳು. ಊರ ಹೊರಗಿನ ಕಾಲೊನಿಗಳು. ಅವಳು ಊಹಿಸಿರದ ಜಾಗಗಳೂ ಇದ್ದವು. ದೊಡ್ಡ ಬಂಗಲೆಗಳ ಸೊಸೆಯಂದಿರು, ಯುದ್ಧದಿಂದ ಬಂದ ಸಿಪಾಯಿಗಳು, ಎಂಟನೇ ತರಗತಿಯ ಜಾಣ ಮಕ್ಕಳು. ಇವಳು ಬಹಳ ಒಳ್ಳೆಯವಳು, ಒಂದು ದಿನ ಎದುರು ಮಾತಾಡಿದವಳಲ್ಲ ಎಂದು ನಾವು ಯಾರನ್ನೆಲ್ಲ ಹೊಗಳುತ್ತೇವೋ ಅವರು.

ಇಲಾಖೆಯವರಿಗೆ ಇದು ರುಚಿಸಲಿಲ್ಲ. ತಾಂತ್ರಿಕ ದೋಷ ಎಂದು ಬರೆದು ಮುಗಿಸಿ ಎಂದರು. ಇಂಚರಾ ಆದೇಶಕ್ಕೆ ಸಹಿ ಹಾಕಲಿಲ್ಲ. ದೋಷ ಯಂತ್ರದ್ದಲ್ಲ, ಯಂತ್ರ ನಾವು ಕಲಿಸಿದಂತೆ ಓದಿದೆ ಎಂದು ಬರೆದಳು. ಅವಳನ್ನು ಒಂದು ವರ್ಷ ಸಮಿತಿಗಳಿಂದ ಸಮಿತಿಗಳಿಗೆ ಅಲೆಸಿದರು. ದುರುಗಮ್ಮನ ಕಾಗದವೂ ಅಷ್ಟು ಸುಲಭಕ್ಕೆ ಬರಲಿಲ್ಲ. ಸ್ಪಂದನ ಕಡಿದಿದೆ ಎಂದು ಯಂತ್ರವೇ ಹೇಳಿದ ಮೇಲೆ ಇನ್ನೇಕೆ ಎಂದಿತು ವಾರ್ಡ್ ಕಚೇರಿ. ಆ ಯಂತ್ರವನ್ನು ಮಾಡಿದವಳ ಸಹಿ ಇರುವ ಪತ್ರ ಹೋದಮೇಲೆ ಇನ್ನೂ ಆರು ಬೈಠಕ್ ಸಿಕ್ಕವು. ಒಂಬತ್ತನೆಯದರ ನಂತರ ದುರುಗಮ್ಮ ಏಡಿಯ ಹತ್ತಿರ ಹೋಗಿ ಕೂತಳು. ಈಗಲೂ ನೂರು ಎಣಿಸುತ್ತಾಳೆ. ಎಳೆಯುವುದಿಲ್ಲ. ಇದ್ದೀಯಾ ಎಂದು ಕೇಳುವ ಒಂದು ಗುಂಡಿಯನ್ನು ಮೆಕ್ಯಾನಿಕ್ ಕೈಲಿ ಕೂರಿಸಿಕೊಂಡಿದ್ದಾಳೆ. ಒತ್ತಿದರೆ ಒಳಗಿನಿಂದ ಏಡಿ ಒಂದು ದೀಪ ಮಿನುಗಿಸುತ್ತದೆ.

ಕಡಗವೂ ಬದಲಾಯಿತು. ಗೆರೆ ಬಹಳ ಹೊತ್ತು ಮಲಗಿದರೆ ಹೊಸ ಕಡಗ ಎರಡು ಸಲ ತಟ್ಟುತ್ತದೆ, ಕೇಳು ಎಂದು. ಏನು ಕೇಳಬೇಕೆಂದು ಹೇಳುವುದಿಲ್ಲ. ಎದುರಿಗೆ ಕೂತವರ ಕೈಗೆ ಗೇಣುದ್ದದ ಒಂದು ದಾರವನ್ನೂ ಕೊಡುತ್ತಾರೆ. ಮಾತು ಒಗ್ಗದಿದ್ದರೆ ಜಗ್ಗಬಹುದು. ಒಗ್ಗಿದರೂ ಜಗ್ಗಬಹುದು. ಮೈಯನ್ನು ಓದುವ ಪಟ್ಟಿ ಏನೇ ಹೇಳಲಿ, ದಾರದ ಮಾತೇ ಕೊನೆಯದು. ಮೊದಲ ತಿಂಗಳುಗಳಲ್ಲಿ ಬಹಳ ಜನ ಅದನ್ನು ಸುಮ್ಮನೆ ಹಿಡಿದು ಕೂತಿರುತ್ತಿದ್ದರು. ಜಗ್ಗಿದರೆ ಯಾರಾದರೂ ತಿರುಗಿ ನೋಡುತ್ತಾರೆಂಬ ನಂಬಿಕೆ ಬರಲು ಕೆಲವರಿಗೆ ಒಂದು ವರ್ಷ ಹಿಡಿಯಿತು.

ನಾಲ್ಕು ವರ್ಷದ ನಂತರ ಹೊಸ ಸಮಾಲೋಚಕರ ತರಬೇತಿಯ ಮೊದಲ ದಿನಕ್ಕೆ ಇಂಚರಾ ದುರುಗಮ್ಮನನ್ನು ಕರೆಸಿದಳು. ಭೀಮೇಶ ಹಗ್ಗ ತಂದಿದ್ದ. ಪಾಠ ಇಷ್ಟೇ: ಗೋಡೆಯ ಆಚೆ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೂರುತ್ತಾರೆ, ಈಚೆ ಒಬ್ಬರು ತುದಿ ಹಿಡಿದು ಕೂರುತ್ತಾರೆ. ಆಚೆ ಹೋಗಿ ಕೂರಲು ದುರುಗಮ್ಮ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದಳು. ಈಚೆ ತುದಿ ಹಿಡಿದಿದ್ದ ಹುಡುಗಿ ಹೊಸಬಳು, ಇಪ್ಪತ್ತಮೂರರ ಪ್ರಾಯ. ಹಳೆಯ ಕಾಲದ ಕತೆಗಳನ್ನೆಲ್ಲ ಪುಸ್ತಕದಲ್ಲಿ ಓದಿ ಬಂದಿದ್ದಳು. ಮನುಷ್ಯರನ್ನು ಗುಂಡಿಗೆ ಇಳಿಸುತ್ತಿದ್ದರು, ಮನೆಯಲ್ಲಿ ಶಾಲೆಯಲ್ಲಿ ಕೆಲಸದಲ್ಲಿ ಜನ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದರು, ಪಕ್ಕದವರಿಗೆ ಗೊತ್ತೇ ಆಗುತ್ತಿರಲಿಲ್ಲ ಎಂಬುದು ಅವಳಿಗೆ ವಿಚಿತ್ರವಾಗಿ ಕಂಡಿತ್ತು. ಅದಕ್ಕೆ ಅವಳೇ ಒಂದು ಕಾರಣ ಹುಡುಕಿಕೊಂಡಿದ್ದಳು.

"ಆ ಕಾಲದಲ್ಲಿ, ಎರಡು ಸಾವಿರದ ಇಪ್ಪತ್ತನಾಲ್ಕು ಇಪ್ಪತ್ತೈದು ಇಪ್ಪತ್ತಾರರಲ್ಲಿ, ಅವರ ಹತ್ರ ಕಡಗ ಇರಲಿಲ್ಲ ಅಲ್ವಾ ಅಮ್ಮ? ಅದಕ್ಕೇ ಯಾರಿಗೂ ತಿಳೀತಿರಲಿಲ್ಲ."

ದುರುಗಮ್ಮ ಗಂಟು ಬಿಗಿದು ನೋಡಿಕೊಂಡಳು.

"ಕಡಗ ಇರ್ಲಿಲ್ಲ ಮಗಳೇ" ಅಂದಳು. "ಬಾಯಿ ಇತ್ತಲ್ಲ. ಕೇಳಬೋದಿತ್ತು."

ಗೋಡೆಯ ಆಚೆ ಹೋದಳು. ಹಗ್ಗ ಒಮ್ಮೆ ಸಣ್ಣಗೆ ಜಗ್ಗಿತು. ಆಮೇಲೆ ನೆಲದ ಮೇಲೆ ಮಲಗಿತು. ಹುಡುಗಿ ಎಣಿಸತೊಡಗಿದಳು.